ಜೆರಾಕ್ಸ್ ಕೆರೆಯಾತ್ರೆ

ಜಯನಗರದ ನಿವೃತ್ತ ಬ್ಯಾಂಕ್ ನೌಕರರೊಬ್ಬರಿಗೆ ಮೊಬೈಲ್ ನಕ್ಷೆಯೆಂದರೆ ಅಪನಂಬಿಕೆ. ಅಂಗೈಯಗಲದ ಪರದೆಯಲ್ಲಿ ಮಡಿವಾಳ ಕೆರೆ ಹಿಡಿಸುವುದುಂಟೇ ಎಂಬುದು ಅವರ ವಾದ. ಹಾಗಾಗಿ ಭಾನುವಾರದ ಕೆರೆ ಸುತ್ತಾಟಕ್ಕೆ ಸರ್ವೆ ಆಫ್ ಇಂಡಿಯಾದ ನಕ್ಷೆಯೇ ಆಗಬೇಕು. 1767ರಲ್ಲಿ ಹುಟ್ಟಿದ ಈ ಇಲಾಖೆ 2017ರಲ್ಲಿ ತನ್ನ ನಕ್ಷೆಗಳನ್ನು ಉಚಿತ ಡೌನ್‌ಲೋಡಿಗೆ ಬಿಟ್ಟಿತು. ಉಚಿತ ಅಂದಮೇಲೆ ಪಿಂಚಣಿದಾರರನ್ನು ತಡೆಯುವವರು ಯಾರು?

ಅಳತೆ 1:50,000. ನೆಲದ ಒಂದು ಕಿಲೋಮೀಟರು ಕಾಗದದಲ್ಲಿ 2 ಸೆಂಟಿಮೀಟರು. ಯಡಿಯೂರು ಕೆರೆ ಹೆಸರುಕಾಳಿನಷ್ಟು ಕಂಡಿತು.

ಸರಿ, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರು. ಬಣ್ಣದ ಪ್ರಿಂಟು ದುಬಾರಿಯೆಂದು ಕಪ್ಪು-ಬಿಳುಪು. ಲಾಲ್‌ಬಾಗಿನ ಕೆರೆಯೂ ಬೂದು, ಪಕ್ಕದ ತೋಟವೂ ಬೂದು. ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿ ಅಂಟಿಸಿದ್ದಾಯಿತು. 2015ರಲ್ಲಿ ಸರ್ಕಾರ ಪಟ್ಟುಹಿಡಿದು ಒತ್ತುವರಿ ತೆರವು ಮಾಡಿಸಿದ್ದ ಸಾರಕ್ಕಿ ಕೆರೆಯ ಅರ್ಧಭಾಗವನ್ನು ಇವರ ಗೋಂದು ಮತ್ತೆ ಒತ್ತುವರಿ ಮಾಡಿಕೊಂಡಿತು. "ಮೇಜು ಯಾವಾಗ ತೆರವಾಗತ್ತೆ?" ಎಂದು ಹೆಂಡತಿ ಅಡುಗೆಮನೆಯಿಂದಲೇ ನೋಟಿಸು ಕೊಟ್ಟರು.

ಕೊನೆಗೆ ಪುಟ್ಟೇನಹಳ್ಳಿ ಕೆರೆಯ ಬಳಿ ಸೇರುವುದೆಂದು ಭಾವಮೈದುನನಿಗೆ ಹೇಳಿ, ಜೆ.ಪಿ. ನಗರ ಏಳನೇ ಹಂತದ ಕೆರೆಗೆ ಹೋಗಿ ನಕ್ಷೆ ಬಿಚ್ಚಿದರು. ಗಾಳಿಗೆ ಅದು ಪಂಚೆಯಂತೆ ಹಾರಾಡಿತು. ಅಷ್ಟರಲ್ಲಿ ಫೋನು.

"ಭಾವ, ಎಲ್ಲಿದ್ದೀರಿ?"

"ಕೆರೆ ಏರಿ ಮೇಲೆ ಕಣೋ."

"ನಾನೂ ಏರಿ ಮೇಲೇ ಇದೀನಲ್ಲ!"

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಕೆರೆ ಎರಡಿವೆ, ಇನ್ನೊಂದು ಯಲಹಂಕದ್ದು. ಪುಳಿಯೋಗರೆ ಡಬ್ಬಿ ಅಲ್ಲಿ, ಹಸಿವು ಇಲ್ಲಿ. ನಕ್ಷೆಯ ಮೂಲ ಅಳತೆಯಲ್ಲಿ ನಡುವಿನ ದೂರ ಹೆಚ್ಚೆಂದರೆ ಅರ್ಧ ಮೀಟರು.