ಗೋಗಿಯ ಸಂಕೋಚ ಸಿದ್ಧಾಂತ: ಕುಗ್ಗುವ ಹಾಳೆಯ ಕಿವಿಯೋಲೆ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಗೋಗಿಯ ಬಗ್ಗೆ ಇದುವರೆಗೆ ಬರೆದವರು ಎರಡೇ ವಿಷಯ ಹಿಡಿದು ಜಗ್ಗಾಡಿದ್ದಾರೆ. ಇತಿಹಾಸದವರು ಗೋರಿಗಳ ಹಿಂದೆ ಬಿದ್ದರು, ಭೂವಿಜ್ಞಾನದವರು ಯುರೇನಿಯಂ ಹಿಂದೆ ಬಿದ್ದರು. ಶಹಾಪುರ ತಾಲ್ಲೂಕಿನ ಈ ಊರಿಗೂ, ಬಿಸಿ ತಾಕಿದರೆ ಕುಗ್ಗುವ ಪ್ಲಾಸ್ಟಿಕ್ ಹಾಳೆಗೂ ಇರುವ ತಾತ್ವಿಕ ನಂಟಿನ ಮೇಲೆ ಮಾತ್ರ ಯಾವ ವಿದ್ವಾಂಸರ ಕಣ್ಣೂ ಬಿದ್ದಿಲ್ಲ. ಶ್ರಿಂಕ್ ಪ್ಲಾಸ್ಟಿಕ್ ಎಂದು ಕರೆಯಲಾಗುವ ಈ ಹಾಳೆಯ ಮೇಲೆ ಚಿತ್ರ ಬರೆದು, ಕತ್ತರಿಸಿ, ಕಾಯಿಸಿ, ಕಿವಿಯೋಲೆ, ಪದಕ, ಲಗ್ನಪತ್ರಿಕೆಯ ಮೇಲಿನ ನವಿಲು ಮುಂತಾದವನ್ನು ಮಾಡುವುದನ್ನು ಲೋಕ ರಜೆ ದಿನಗಳ ಕಾಲಹರಣವೆಂದು ತಿಳಿದಿದೆ. ಅದು ಹಾಗಲ್ಲ. ಕುಗ್ಗಿದ್ದು ಕಡಿಮೆಯಾಗುವುದಿಲ್ಲ, ದಪ್ಪವಾಗುತ್ತದೆ. ಹಿಗ್ಗಿದ್ದು ಹೆಚ್ಚಾಗುವುದಿಲ್ಲ, ತೆಳುವಾಗುತ್ತದೆ. ಇದು ನಮ್ಮ ಸಿದ್ಧಾಂತ. ಇದರ ಸಾಧನೆಗೆ ಹಾಳೆಯೇ ಪ್ರಯೋಗ, ಯಾದಗಿರಿ ಜಿಲ್ಲೆಯೇ ಪ್ರಮಾಣ.

ಮೊದಲು ಹಾಳೆಯ ಕುಲಗೋತ್ರ. ಇದು ಪಾಲಿಸ್ಟೈರೀನ್. ಬೇಕರಿಯಿಂದ ತಂದ ಪಾರದರ್ಶಕ ಡಬ್ಬಿಯ ಮೇಲೆ ತ್ರಿಕೋನದೊಳಗೆ 6 ಎಂಬ ಅಂಕಿ ಕಂಡರೆ ಅದೂ ಇದೇ ವಂಶದ್ದು. ಕಾರ್ಖಾನೆಯಲ್ಲಿ ಬಿಸಿಯಿರುವಾಗಲೇ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು, ಎಳೆದ ಭಂಗಿಯಲ್ಲೇ ತಣಿಸಿಬಿಡುತ್ತಾರೆ. ಒಳಗಿನ ಉದ್ದುದ್ದ ಅಣುಸರಪಳಿಗಳು ಮೈ ಬಿಗಿಹಿಡಿದು ನಿಂತೇ ಇರುತ್ತವೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅವುಗಳ ಬಿಗಿ ಸಡಿಲುತ್ತದೆ; ಕಸುಬುದಾರರು 160ರ ಆಸುಪಾಸಿನ ಕಾವು ಕೊಡುತ್ತಾರೆ. ಆಗ ತುಂಡು ಮೊದಲು ಅಂಚಿನಲ್ಲಿ ಏಳುತ್ತದೆ, ಸುರುಳಿ ಸುತ್ತುತ್ತದೆ, ಹೊರಳಾಡುತ್ತದೆ, ಒಂದು ಮಗ್ಗುಲು ಇನ್ನೊಂದಕ್ಕೆ ಅಂಟಿಯೇಬಿಟ್ಟಿತು ಎಂಬಷ್ಟು ಮಡಚಿಕೊಳ್ಳುತ್ತದೆ. ಧೈರ್ಯ ಕಡಿಮೆಯಿದ್ದವರು ಈ ಹಂತದಲ್ಲಿ ಹೊರಗೆ ತೆಗೆದು ಕೆಡಿಸುತ್ತಾರೆ. ತಡೆದವರ ಎದುರಿಗೆ ಅದು ನಿಧಾನವಾಗಿ ತಾನೇ ಬಿಚ್ಚಿಕೊಂಡು ಚಪ್ಪಟೆಯಾಗಿ ಮಲಗುತ್ತದೆ. ಉದ್ದಗಲ ಸುಮಾರು ಮೂರನೇ ಒಂದಕ್ಕೆ ಇಳಿದಿರುತ್ತದೆ, ವಿಸ್ತೀರ್ಣ ಒಂಬತ್ತನೇ ಒಂದಕ್ಕೆ. ದಪ್ಪ ಮಾತ್ರ ಒಂಬತ್ತು ಪಟ್ಟು. ಕಾಲು ಮಿಲಿಮೀಟರಿನ ಹಾಳೆ ಸುಮಾರು ಎರಡು ಮಿಲಿಮೀಟರಿನ ಬಿಲ್ಲೆಯಾಗುತ್ತದೆ. ತೂಕದಲ್ಲಿ ಗುಂಜಿಯಷ್ಟೂ ವ್ಯತ್ಯಾಸವಿಲ್ಲ. ಬಿಸಿ ಆರುವ ಮೊದಲು ಮೇಲೊಂದು ಭಾರದ ಪುಸ್ತಕ ಹೇರಬೇಕು. ಗುಲ್ಬರ್ಗಾ ಜಿಲ್ಲೆಯ ಹಳೆಯ ಗ್ಯಾಝೆಟಿಯರ್ ಈ ಕೆಲಸಕ್ಕೆ ಪ್ರಶಸ್ತ. ಇಲ್ಲಿ ಗಮನಿಸಬೇಕಾದ್ದು, ಹಾಳೆ ಕುಗ್ಗಲಿಲ್ಲ, ಎಳೆಯುವ ಮೊದಲು ತಾನಿದ್ದ ಸ್ಥಿತಿಗೆ ಮರಳಿತು. ಬರ ಬಿದ್ದ ವರ್ಷ ಈ ಭಾಗದಿಂದ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋದವರು ಜಾತ್ರೆಗೆ ಊರಿಗೆ ಬಂದಾಗ ಅವರು ಕುಗ್ಗಿದರೆಂದು ಯಾರೂ ಅನ್ನುವುದಿಲ್ಲ. ಎಳೆದದ್ದು ಯಾರು ಎಂಬ ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ಅದು ಬೇರೆ ಪ್ರಬಂಧದ ವಸ್ತು.

ಈಗ ಐತಿಹಾಸಿಕ ಪ್ರಮಾಣ. ವಿಜಯಪುರದ ಆದಿಲ್‌ಶಾಹಿ ಮನೆತನದ ಮೊದಲ ನಾಲ್ವರು ಸುಲ್ತಾನರಾದ ಯೂಸುಫ್, ಇಸ್ಮಾಯಿಲ್, ಮಲ್ಲು, ಇಬ್ರಾಹಿಂ ಇವರೆಲ್ಲ ಮಲಗಿರುವುದು ರಾಜಧಾನಿಯಲ್ಲಲ್ಲ, ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಸನ್ನಿಧಿಯಲ್ಲಿ. ಯೂಸುಫ್ 1510ರಲ್ಲಿ ತೀರಿಕೊಂಡ. ಗುರುವಿನ ಪಕ್ಕದಲ್ಲಿ ಆರಡಿ ಮೂರಡಿ ಸಾಕೆಂದ ಮನೆತನ ಆಮೇಲೆ ಒಂದು ಮುಕ್ಕಾಲು ಶತಮಾನ ಬಾಳಿತು. ಅದೇ ವಂಶದ ಮಹಮ್ಮದ್ ಆದಿಲ್‌ಶಾಹ ತನ್ನ ಗೋರಿಯ ಮೇಲೆ ಸುಮಾರು 44 ಮೀಟರ್ ವ್ಯಾಸದ ಗೋಳಗುಮ್ಮಟ ನಿಲ್ಲಿಸಿ 1656ರಲ್ಲಿ ಕಣ್ಮುಚ್ಚಿದ. 1686ರಲ್ಲಿ ಔರಂಗಜೇಬ ಬಂದು ರಾಜ್ಯವನ್ನೇ ನುಂಗಿದ. ಹಿಗ್ಗಿದ ಮೇಲೆ ಉಳಿದ ಆಯುಷ್ಯ ಬರೀ ಮೂವತ್ತು ವರ್ಷ. ಗುಮ್ಮಟವನ್ನು ನಮ್ಮ ವಿಧಾನದಲ್ಲಿ ಕಾಯಿಸಿದ್ದರೆ ವ್ಯಾಸ ಹದಿನೈದು ಮೀಟರಿಗೆ ಇಳಿಯುತ್ತಿತ್ತು, ಮೂರು ಮೀಟರಿನ ಗೋಡೆ ಇಪ್ಪತ್ತೇಳು ಮೀಟರಿಗೆ ಏರುತ್ತಿತ್ತು. ಒಳಗೆ ಗಾಳಿಗೂ ಜಾಗ ಇರುತ್ತಿರಲಿಲ್ಲ, ಔರಂಗಜೇಬನಿಗೆ ಎಲ್ಲಿಂದ ಇರಬೇಕು? ಪಿಸುಗುಟ್ಟುವ ಮೊಗಸಾಲೆಯಲ್ಲಿ ಶಾಲಾ ಪ್ರವಾಸದ ಮಕ್ಕಳ ಕೂಗಾಟವೂ ತಪ್ಪುತ್ತಿತ್ತು. ಮರಾಠರು, ಮೊಗಲರು, ದಖನ್ನಿನ ರಾಜಕಾರಣ ಎಂದು ಬೇರೆ ಕಾರಣ ಹೇಳುವ ಇತಿಹಾಸಕಾರರಿದ್ದಾರೆ. ಅವರು ಗೋಡೆಯ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದೇ ಅವರಿಗೆ ಉತ್ತರ. ಆಡಳಿತದಲ್ಲೂ ಇದೇ ನಿಯಮ ನಡೆದಿದೆ. 2009ರ ಡಿಸೆಂಬರ್ 30ರಂದು ಗುಲ್ಬರ್ಗಾ ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಕತ್ತರಿಸಿ ಹೊಸ ಜಿಲ್ಲೆ ಮಾಡಲಾಯಿತು. ಕತ್ತರಿಸಿದ ತುಂಡು ಕಾವಿಗೆ ಬಿದ್ದು ಈಗ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರು ತಾಲ್ಲೂಕಾಗಿದೆ. ನೆಲ ಒಂದು ಗೇಣೂ ಬೆಳೆಯಲಿಲ್ಲ, ಫೈಲುಗಳ ದಪ್ಪ ಬೆಳೆಯಿತು.

ಕಲೆಯ ಪ್ರಮಾಣಕ್ಕೆ ಸುರಪುರಕ್ಕೆ ಹೋಗಬೇಕು. ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದಂಥ ಕಲಾವಿದರು ಬೆಳೆಸಿದ ಸುರಪುರ ಶೈಲಿಯ ಚಿತ್ರಗಳಲ್ಲಿ ಬೆರಳಗಲ ಜಾಗದಲ್ಲಿ ಬಳ್ಳಿ, ಹೂವು, ಪ್ರಭಾವಳಿ, ಒಡವೆ ಎಲ್ಲ ಇಕ್ಕಟ್ಟಿಲ್ಲದೆ ಕೂತಿರುತ್ತವೆ, ನಡುವೆ ಚಿನ್ನದ ಹಾಳೆಯ ಮಿಂಚು ಬೇರೆ. ಅವರು ಕಣ್ಣು ಸೋಲಿಸಿಕೊಂಡು ಮಾಡಿದ ಕೆಲಸವನ್ನು ನಮ್ಮ ಹಾಳೆ ಮೂರು ನಿಮಿಷದೊಳಗೆ ಮಾಡಿಕೊಡುತ್ತದೆ. ಆರು ಸೆಂಟಿಮೀಟರಿನ ಕಮಲ ಬರೆದರೆ ಎರಡು ಸೆಂಟಿಮೀಟರಿನ ಕಮಲ ಸಿಗುತ್ತದೆ, ಬಣ್ಣ ಒಂಬತ್ತರಲ್ಲೊಂದು ಜಾಗಕ್ಕೆ ಒತ್ತಿಕೊಳ್ಳುವುದರಿಂದ ತಾನಾಗಿಯೇ ಗಾಢವಾಗುತ್ತದೆ. ಆದ್ದರಿಂದ ಹಾಳೆಯನ್ನು ಮರಳು ಕಾಗದದಿಂದ ಮೆಲ್ಲಗೆ ತಿಕ್ಕಿ, ಬಣ್ಣದ ಪೆನ್ಸಿಲನ್ನು ತೇಲಿಸಿ ಆಡಿಸಬೇಕು. ಕೆಂಪು ಬೇಕೆಂದು ಕೆಂಪೇ ಬಳಿದವರಿಗೆ ಕಂದು ಸಿಕ್ಕು ಬೇಜಾರಾಗುತ್ತದೆ. ಇದು ಕಲೆಯಲ್ಲ, ಮೋಸ, ಸಾಧನೆಯಿಲ್ಲದ ಸೂಕ್ಷ್ಮತೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಮತ್ತು ಇದು ಹುರುಳಿರುವ ಆಕ್ಷೇಪ. ಸುರಪುರದ ಚಿತ್ರಕಾರನ ಕೈ ಮೂರು ಮಿಲಿಮೀಟರ್ ನಡುಗಿದರೆ ತಪ್ಪೂ ಮೂರೇ ಮಿಲಿಮೀಟರ್. ನಮ್ಮ ಹಾಳೆಯಲ್ಲಿ ಅದು ಒಂದೇ ಮಿಲಿಮೀಟರ್. ಹಾಗಾದರೆ ತಪ್ಪೂ ದಪ್ಪವಾಯಿತಲ್ಲ ಎನ್ನುತ್ತೀರಿ. ಹೌದು. ಆದರೆ ದಪ್ಪ ತಪ್ಪನ್ನು ಶೈಲಿ ಎಂದು ಕರೆಯುವ ಸಂಪ್ರದಾಯ ವಿಮರ್ಶೆಯಲ್ಲಿ ಮೊದಲಿಂದಲೂ ಇದೆ. ಕೊಂಡಿ ಸಿಕ್ಕಿಸುವ ತೂತಿನ ಬಗ್ಗೆ ಮಾತ್ರ ರಿಯಾಯಿತಿಯಿಲ್ಲ. ಅದನ್ನು ಕಾಯಿಸುವ ಮೊದಲೇ ಕೊರೆಯಬೇಕು, ಕಾದು ಗಟ್ಟಿಯಾದ ಮೇಲೆ ಕೈ ಹಚ್ಚಿದರೆ ಬಿರುಕು ಬಿಡುತ್ತದೆ. ಕಚೇರಿಯ ಪಂಚಿಂಗ್ ಮಷಿನ್ನಿನ ಆರು ಮಿಲಿಮೀಟರ್ ತೂತು ಕುಗ್ಗಿ ಎರಡಾಗಿ ಕೊಂಡಿಗೆ ಸರಿಯಾಗಿ ಹೊಂದುತ್ತದೆ. ಕಚೇರಿಗಳು ಆಭರಣೋದ್ಯಮಕ್ಕೆ ಮಾಡಬಹುದಾದ ಸೇವೆ ಇಷ್ಟು ಹತ್ತಿರದಲ್ಲಿದ್ದರೂ ಯಾರ ಗಮನಕ್ಕೂ ಬಂದಿಲ್ಲ.

ಇನ್ನುಳಿದ ಪೂರ್ವಪಕ್ಷಗಳಲ್ಲಿ ಒಂದು, ಇದು ಪರದೇಶದ ಆಟಿಕೆ ಎಂಬುದು. ನಿಜ, 1973ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡಿನ ಬೆಟ್ಟಿ ಮಾರಿಸ್, ಕೇಟ್ ಬ್ಲೂಮ್‌ಬರ್ಗ್ ಎಂಬ ಇಬ್ಬರು ಹೆಣ್ಣುಮಕ್ಕಳು ಇದನ್ನು ಶ್ರಿಂಕಿ ಡಿಂಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದದ್ದು. ಹಾಗೆಂದು ಗೋಗಿಯಲ್ಲಿ ಯಾರೂ ರೊಟ್ಟಿ ಜೊತೆ ಕೆಂಪು ಚಟ್ನಿ ಬಿಟ್ಟಿಲ್ಲ. ಎರಡನೆಯದು, ಓವನ್ ಎಲ್ಲಿದೆ ಎಂಬುದು. ಬಿಸಿಲೇ ಸಾಕೆಂಬ ವಾದವನ್ನು ನಾವು ಗಂಭೀರವಾಗಿ ಪರಿಶೀಲಿಸಿದೆವು. ಯಾದಗಿರಿ ಸೀಮೆಯ ಮೇ ತಿಂಗಳು 44, 45 ಡಿಗ್ರಿ ಮುಟ್ಟುತ್ತದೆ. ಬೇಕಾದದ್ದಕ್ಕೆ ಇನ್ನೂ ನೂರಾ ಹದಿನೈದು ಡಿಗ್ರಿ ಕೊರತೆ. ಮನುಷ್ಯ ಕುಗ್ಗಲು ಸಾಲುವ ಬಿಸಿಲು ಹಾಳೆಗೆ ಸಾಲದು. ರೊಟ್ಟಿ ಹಂಚಿನ ಮೇಲೆ ನೇರ ಇಟ್ಟರೆ ಅಂಟುತ್ತದೆ. ಕುಕ್ಕರಿನಲ್ಲಿ ಕೇಕು ಮಾಡುವವರ ದಾರಿಯೇ ಮೇಲು: ದಪ್ಪ ತಳದ ಬೋಗುಣಿಯಲ್ಲಿ ಉಸುಕು ಹರವಿ, ಕಾಯಿಸಿ, ಮೇಲೆ ತಟ್ಟೆ, ತಟ್ಟೆಯಲ್ಲಿ ಬೇಕಿಂಗ್ ಕಾಗದ, ಕಾಗದದ ಮೇಲೆ ತುಂಡು. ಕಿಟಕಿ ತೆರೆದಿರಲಿ, ಅತಿಯಾಗಿ ಕಾದರೆ ಏಳುವ ಹೊಗೆ ಒಳ್ಳೆಯದಲ್ಲ. ಮೂರನೆಯದು ಪರಿಸರವಾದಿಗಳ ಆಕ್ಷೇಪ, ಇದು ಪ್ಲಾಸ್ಟಿಕ್ ಎಂದು. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮದುವೆ ಮಂಟಪದ ಥರ್ಮಾಕೋಲೂ ಪಾಲಿಸ್ಟೈರೀನೇ, ಆದರೆ ಉಬ್ಬಿದ ಪಾಲಿಸ್ಟೈರೀನ್; ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಗಾಳಿ. ಒಂದೇ ರಾತ್ರಿ ಮೆರೆದು ಬೆಳಗಾಗುವುದರೊಳಗೆ ಚರಂಡಿ ಸೇರುವ ಆ ಅಲಂಕಾರವನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ಒಂದೇ ದ್ರವ್ಯ: ಉಬ್ಬಿದವನಿಗೆ ಗಡೀಪಾರು, ಕುಗ್ಗಿದವನಿಗೆ ಹೆಣ್ಣುಮಗಳ ಕಿವಿ.

ಚಿನ್ನದ ಮುಂದೆ ಇದೆಲ್ಲ ಎಷ್ಟರದ್ದು ಎಂಬವರಿಗೂ ಒಂದು ಮಾತು. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ನಮ್ಮ ಹಾಳೆಯದು ಹೆಚ್ಚುಕಡಿಮೆ ನೀರಿನಷ್ಟೇ. ಭಾರವೇ ಮೇಲ್ಮೆಯ ಅಳತೆಯಾದರೆ ಗೋಗಿಗೆ ಚಿನ್ನದ ಹಂಗಿಲ್ಲ. ಭೀಮಾ ಕೊಳ್ಳದ ಸುಣ್ಣಕಲ್ಲಿನ ಬುಡದಲ್ಲಿ ಸಿಕ್ಕಿರುವ ಯುರೇನಿಯಂನ ಸಾಂದ್ರತೆಯೂ 19ರ ಮೇಲೆಯೇ. ಅದನ್ನು ಅಗೆಯುತ್ತೇವೆಂದು ಬಂದಾಗ ಸುತ್ತಲಿನ ಜನ ನೀರು, ಹೊಲ, ಮಕ್ಕಳ ಆರೋಗ್ಯದ ಮಾತೆತ್ತಿ ವಿರೋಧಿಸಿದರು. ಭಾರದ ಲೋಹ ಕಾಲ ಕೆಳಗೇ ಇರಲಿ, ಮೈಮೇಲೆ ಬೇಡ ಎಂಬುದು ಈ ಊರಿನ ಪರೀಕ್ಷಿತ ಅಭಿಪ್ರಾಯವೆಂದು ನಾವು ದಾಖಲಿಸುತ್ತೇವೆ. ಕಿವಿಯ ತೂತು ಜಗ್ಗದ ಓಲೆ ಇಂಥ ಊರಿನಲ್ಲಲ್ಲದೆ ಇನ್ನೆಲ್ಲಿ ಬೇರೂರಬೇಕು?

ಕೊನೆಗೆ ಲಗ್ನಪತ್ರಿಕೆ. ಈ ಭಾಗದಲ್ಲಿ ಪತ್ರಿಕೆಯನ್ನು ಅಂಚೆಗೆ ಹಾಕಿ ಕರೆದರೆ ಕರೆದಂತಲ್ಲ. ಮೋಟರ್ ಸೈಕಲ್ ಹತ್ತಿ ಮನೆ ಮನೆಗೆ ಹೋಗಿ ಕೈಗೆ ಕೊಡಬೇಕು. ಹೀಗಾಗಿ ಪತ್ರಿಕೆಯ ಮೇಲೆ ಪ್ಲಾಸ್ಟಿಕ್ ನವಿಲು ಅಂಟಿಸಿದರೆ ಲಕೋಟೆ ಉಬ್ಬುತ್ತದೆ, ಅಂಚೆಚೀಟಿ ಹೆಚ್ಚಾಗುತ್ತದೆ ಎಂಬ ಪಟ್ಟಣದವರ ಆಕ್ಷೇಪ ಇಲ್ಲಿ ಅನ್ವಯಿಸುವುದಿಲ್ಲ. ಆದರೆ ಐದುನೂರು ಪತ್ರಿಕೆಗೆ ಎರಡೆರಡು ಮಿಲಿಮೀಟರಿನ ನವಿಲು ಎಂದರೆ ನವಿಲುಗಳದ್ದೇ ಒಂದು ಮೀಟರ್ ಎತ್ತರ. ಯಾವ ಮೋಟರ್ ಸೈಕಲ್ಲಿನ ಚೀಲಕ್ಕೂ ಅದು ಹಿಡಿಯದು. ಶಾಸ್ತ್ರದ ಪ್ರಕಾರ ಪರಿಹಾರ ಒಂದೇ. ದಪ್ಪ ಒಂಬತ್ತು ಪಟ್ಟು ಏರಿದಾಗ ವಿಸ್ತಾರ ಒಂಬತ್ತನೇ ಒಂದಕ್ಕೆ ಇಳಿಯಬೇಕು, ಅಂದರೆ ಐದುನೂರು ಮನೆಯ ಬದಲು ಐವತ್ತೈದು ಮನೆಗೆ ಕರೆದರೆ ಸಾಕು. ಉಳಿದ ನಾನೂರ ನಲವತ್ತೈದು ಮನೆಯವರ ಸಿಟ್ಟೂ ಇದೇ ಸೂತ್ರದಂತೆ ಒಂಬತ್ತು ಪಟ್ಟು ದಪ್ಪವಾಗುವುದೇ ಎಂಬ ಆಕ್ಷೇಪ ಏಳಬಹುದು. ಅದರ ಪರೀಕ್ಷೆಗೆ ತಮ್ಮ ಮನೆಯ ಮದುವೆಯನ್ನು ಒಪ್ಪಿಸುವ ಬೀಗರು ಮುಂದೆ ಬಂದಲ್ಲಿ, ವರದಿಯನ್ನು ಬೇರೆ ಊರಿನಲ್ಲಿ ಕೂತು ಬರೆಯಲು ನಾವು ಸಿದ್ಧ.