ಗಿಡದತ್ತಿಗೆ

ಮದುವೆಮನೆಗೆ ಬಂದವರು ಆಸರಿಗೆಯನ್ನೂ ಕುಡಿಯದೆ ನೇರ ಹಿತ್ತಿಲಿಗೆ ನಡೆದರೆಂದರೆ ಅವರು ಗಿಡದತ್ತಿಗೆ. ಸಾಗರ, ಶಿರಸಿ ಕಡೆ ಊರಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ಮದುಮಗಳು ಹೇಗಿದ್ದಾಳೆ ಎಂದು ಕೇಳಿ ನೋಡಿ. "ಬಚ್ಚಲ ಹಿಂದೆ ಬಿಳಿಚುಕ್ಕಿ ಬಿಗೋನಿಯಾ ಇದ್ದು, ನೋಡಿದ್ಯಾ?" ಎಂಬ ಉತ್ತರ ಬರುತ್ತದೆ.

ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಿ, ಬಾಚಣಿಗೆ ಇರಬೇಕಾದ ಜಾಗದಲ್ಲಿ ಹಳೇ ಬ್ಲೇಡು, ಒದ್ದೆ ಬಟ್ಟೆಯ ತುಂಡು, ನಾಲ್ಕಾರು ಪ್ಲಾಸ್ಟಿಕ್ ಕೊಟ್ಟೆ. ಎಲೆ ಬಿಗೋನಿಯಾಕ್ಕೆ ಕಾಂಡವೂ ಬೇಕಿಲ್ಲ. ಒಂದೇ ಎಲೆ ತಂದು, ಅಡಿಭಾಗದ ನರಗಳನ್ನು ಅಲ್ಲಲ್ಲಿ ಕೊಯ್ದು, ಒದ್ದೆ ಮರಳಿನ ಮೇಲೆ ಒತ್ತಿಟ್ಟರೆ ಕೊಯ್ದ ಕಡೆ ಮರಿ ಏಳುತ್ತದೆ. ಕೇಳಿ ತಂದ ಗಿಡ ಬದುಕುವುದಿಲ್ಲ ಎಂಬುದು ಅತ್ತಿಗೆಯ ಸಿದ್ಧಾಂತ. ಆಂಥೂರಿಯಂ ಮಾತ್ರ ಅಪವಾದ. ಅದರ ಬೇರುಸಹಿತ ಮರಿ ಬಿಡಿಸಲು ಕುಂಡವನ್ನೇ ಬೋರಲು ಹಾಕಬೇಕು. ಅಷ್ಟು ಹೊತ್ತು ಮನೆಯವರು ಅತ್ತ ತಿರುಗಿಕೊಂಡಿರುವುದು ಕಷ್ಟ.

ಅತ್ತಿಗೆಯ ಮನೆಯಲ್ಲಿ ನೆರಳಿನ ಹಂಚಿಕೆ ಆಸ್ತಿ ಪಾಲಿಗಿಂತ ಕಟ್ಟುನಿಟ್ಟು. ಮೂಡಣ ಜಗಲಿಗೆ ಬೆಳಗ್ಗೆ ಒಂಬತ್ತರವರೆಗೆ ಎಳೆಬಿಸಿಲು, ಆಮೇಲೆ ಮಾಡಿನ ನೆರಳು. ಪೂರ್ತಿ ಕತ್ತಲಾದರೆ ಹೂವಿಲ್ಲ, ಪೂರ್ತಿ ಬಿಸಿಲಾದರೆ ಎಲೆಯೇ ಇಲ್ಲ. ಆದ್ದರಿಂದ ಆ ಜಾಗ ಆಂಥೂರಿಯಂಗೆ. ಮದುವೆಯಾದಾಗಿನಿಂದ ಅಲ್ಲೇ ಕುಳಿತು ಪೇಪರ್ ಓದುತ್ತಿದ್ದ ಅಣ್ಣನ ಆರಾಮಕುರ್ಚಿ ಅಂಗಳಕ್ಕಿಳಿಯಿತು.

"ಇಲ್ಲಿ ಬಿಸಿಲು ಅಲ್ದನೇ?"

"ಟೊಪ್ಪಿ ಹಾಕ್ಯಂಡು ಕುತ್ಗಳಿ. ಅದರ ಎಲೆ ಸುಟ್ಟೋಗ್ತು."

ಅಣ್ಣನ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಆಂಥೂರಿಯಂಗೆ ಬರೀ ಮಣ್ಣು ಆಗಿಬರುವುದಿಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ. ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆ ಚೂರು, ಇದ್ದಿಲು ಬೇಕು. ಇದ್ದಿಲು ಎಲ್ಲಿಂದ? ಬಚ್ಚಲೊಲೆಯಿಂದ. ಕೆಂಡ ಬೂದಿಯಾಗುವ ಮೊದಲೇ ನೀರು ಹೊಯ್ದು ಎಳೆದುಕೊಳ್ಳಬೇಕು. ಹೀಗಾಗಿ ಅಣ್ಣನ ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ.

ಯಾರಾದರೂ ಜಗಲಿ ಹತ್ತಿ, ಕೆಂಪು ಹೂವು ಎಷ್ಟು ಚಂದ ಅಂದುಬಿಟ್ಟರೆ ಪಾಠ ಶುರು. ಆ ಕೆಂಪಗಿರುವುದು ಹೂವಲ್ಲ, ಬಣ್ಣ ಬಂದ ಎಲೆ. ನಡುವಿನ ಕಡ್ಡಿಯ ಮೇಲೆ ಒತ್ತೊತ್ತಾಗಿರುವ ಸಣ್ಣ ಗುಳ್ಳೆಗಳೇ ನಿಜವಾದ ಹೂವು. ಬಂದವರು ಹೊಗಳಿದ ತಪ್ಪಿಗೆ ಕಾಫಿ ಆರುವವರೆಗೂ ಕೇಳುತ್ತಾರೆ.

ಬೆಂಗಳೂರಿನ ಮಗಳ ಮನೆಗೆ ಹೋಗುವುದು ಜನವರಿ 26 ಇಲ್ಲವೇ ಆಗಸ್ಟ್ 15ರ ಆಸುಪಾಸಿನಲ್ಲಿ. ಮೊಮ್ಮಗನ ಮೇಲಿನ ಪ್ರೀತಿ ಸರಿಯಾಗಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೇ ಉಕ್ಕುವುದು ಹೇಗೋ ಅಳಿಯನಿಗೆ ಇನ್ನೂ ಅರ್ಥವಾಗಿಲ್ಲ.

ತಮ್ಮಂಥವರೇ ಮನೆಗೆ ಬರುತ್ತಾರೆಂದರೆ ಮಾತ್ರ ಅತ್ತಿಗೆ ಎಚ್ಚರ. ಅಪರೂಪದ ಕುಂಡಗಳೆಲ್ಲ ದೇವರ ಕೋಣೆ ಸೇರುತ್ತವೆ. ಮೈಲಿಗೆಯಲ್ಲಿ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಮೊನ್ನೆ ಸಿದ್ದಾಪುರ ಕಡೆಯ ಇನ್ನೊಬ್ಬ ಗಿಡದತ್ತಿಗೆ ಬಂದರು. ಖಾಲಿ ಜಗಲಿಯನ್ನೊಮ್ಮೆ, ಅದರ ನೆಲದ ಮೇಲಿನ ಕುಂಡದ ಗುರುತುಗಳನ್ನೊಮ್ಮೆ ನೋಡಿದರು. ಬ್ಯಾಗು ಹೆಗಲಿಂದ ಇಳಿಸದೆಯೇ ಅಂದರು:

"ಬಚ್ಚಲು ಯಾವ ಬದಿಗಿದ್ದು? ಮಿಂದ್ಕಂಡು ಬತ್ತಿ. ದೇವರಿಗೆ ಅಡ್ಡಬೀಳವು."