ಚಪ್ಪಲಿಯಲ್ಲಿಲ್ಲದ ಕಲ್ಲು

ನೋವಿಗೂ ಒಂದು ಅಂತಸ್ತು ಬೇಕು ನೋಡಿ. ಕೈ ಮುರಿದುಕೊಂಡವರಿಗೆ ಪ್ಲಾಸ್ಟರ್ ಇರುತ್ತದೆ. ಬಂದವರೆಲ್ಲ ಅದನ್ನು ಮುಟ್ಟಿ ಅಯ್ಯೋ ಪಾಪ ಅನ್ನುತ್ತಾರೆ. ಜ್ವರ ಬಂದವರ ಪರವಾಗಿ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ನನಗೆ ಗಂಟುಬಿದ್ದದ್ದು ಊತವಿಲ್ಲದ, ಗಾಯವಿಲ್ಲದ, ಎಕ್ಸ್‌ರೇಯಲ್ಲೂ ಮುಖ ತೋರಿಸದ ಕಾಯಿಲೆ. ನಡೆದರೆ ಅಂಗಾಲಿನ ಮುಂಭಾಗದಲ್ಲಿ ಕಲ್ಲೊಂದು ಒತ್ತುತ್ತದೆ. ಚಪ್ಪಲಿ ಕೊಡವಿದರೆ ಕಲ್ಲೇ ಇಲ್ಲ! ಸ್ವಲ್ಪ ಹೊತ್ತಿಗೆ ಉರಿ, ಆಮೇಲೆ ಬೆರಳು ಜೋಮು.

"ನಳ ಮಹಾರಾಜನನ್ನ ಕಲಿ ಹಿಡಿದದ್ದೂ ಕಾಲು ಸರಿಯಾಗಿ ತೊಳೀದೆ ಇದ್ದದ್ದಕ್ಕೇ ಕಣೇ," ಎಂದರು ಅತ್ತೆ. ತೊಳೆದೆ. ಕಾಲು ಬೆಳ್ಳಗಾಯಿತು, ನೋವು ಹಾಗೇ ಇತ್ತು. ಪಕ್ಕದ ಮನೆಯ ಮೇಷ್ಟ್ರು ವಾಯು ಎಂದು ತೀರ್ಪು ಕೊಟ್ಟರು. ಅವರ ಪ್ರಕಾರ ಹಲ್ಲುನೋವೂ ವಾಯುವೇ.

ಮೂಳೆ ಡಾಕ್ಟರು ಮಾತ್ರ ಪಾದವನ್ನು ಎರಡೂ ಕಡೆಯಿಂದ ಹಿಂಡಿ, ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವೆ ಒತ್ತಿದರು. ಟಕ್ ಎಂದಿತು. ನಾನು ಕಿರುಚಿದೆ, ಅವರ ಮುಖ ಅರಳಿತು. ಮುಲ್ಡರ್ ಎಂಬುವರು 1951ರಲ್ಲೇ ಬರೆದಿಟ್ಟ ಸದ್ದಂತೆ ಅದು. ಕಾಯಿಲೆಯ ಹೆಸರು ಮಾರ್ಟನ್ಸ್ ನ್ಯೂರೋಮಾ. ಫಿಲಡೆಲ್ಫಿಯಾದ ಸರ್ಜನ್ ಥಾಮಸ್ ಮಾರ್ಟನ್ 1876ರಲ್ಲಿ ಇದರ ಬಗ್ಗೆ ಬರೆದರು. ಅದಕ್ಕೂ ಮೊದಲು, 1845ರಲ್ಲೇ, ವಿಕ್ಟೋರಿಯಾ ರಾಣಿಯ ಪಾದವೈದ್ಯ ಲೂಯಿಸ್ ಡರ್ಲಾಕರ್ ಇದನ್ನು ಗುರುತಿಸಿದ್ದರು. ರಾಣಿಯ ಕಾಲು ಹಿಡಿದರೂ ಕಾಯಿಲೆಗೆ ಹೆಸರು ಅವರದ್ದಾಗಲಿಲ್ಲ.

ನ್ಯೂರೋಮಾ ಅಂದೊಡನೆ ಮನೆಯವರ ಎದೆ ಧಸಕ್ಕೆಂದಿತು. ಡಾಕ್ಟರು ನಕ್ಕರು. ಕ್ಯಾನ್ಸರ್ ಅಲ್ಲ, ಗಡ್ಡೆ ಅನ್ನುವಂಥದ್ದೂ ಅಲ್ಲ. ಬೆರಳಿಗೆ ಹೋಗುವ ನರದ ಸುತ್ತಲಿನ ಪೊರೆ ದಪ್ಪಗಾಗಿದೆ, ಅಷ್ಟೇ. ಸಿಟಿ ಬಸ್ಸಿನಲ್ಲಿ ಇಬ್ಬರ ಸೀಟಿಗೆ ತೂರಿಕೊಂಡ ಮೂರನೆಯವರ ಪಾಡು ಆ ನರದ್ದು: ಆಚೆ ಈಚೆ ಮೂಳೆ, ಮೇಲಿಂದ ಚೂಪು ಮೂತಿಯ ಚಪ್ಪಲಿ. ಹಿಮ್ಮಡಿ ಎತ್ತರವಿದ್ದರೆ ಮೈಭಾರವೆಲ್ಲ ಅಲ್ಲಿಗೇ. ಹೆಂಗಸರಲ್ಲಿ ಇದು ಹೆಚ್ಚು ಎಂಬುದರಲ್ಲಿ ಆಶ್ಚರ್ಯವೇನಿದೆ?

ಚಪ್ಪಲಿ ಬಿಚ್ಚಿ ಕಾಲು ನೀವಿಕೊಂಡರೆ ಹಾಯೆನಿಸುತ್ತದೆ. ಹಾಗಾಗಿ ದಾರಿಯಲ್ಲಿ ಸಿಕ್ಕ ಗುಡಿಗೆಲ್ಲ ನುಗ್ಗಿ ಜಗಲಿಯ ಮೇಲೆ ಕೂರತೊಡಗಿದೆ. ಸೊಸೆಗೆ ಈಗೀಗ ಭಕ್ತಿ ಬಂದಿದೆ ಎಂದು ಅತ್ತೆ ಫೋನಿನಲ್ಲಿ ಊರಿಗೆಲ್ಲ ಸಾರಿದರು.

ಅಂಟಿಸಿಕೊಳ್ಳಲು ಡಾಕ್ಟರು ಒಂದು ಪುಟ್ಟ ಪ್ಯಾಡ್ ಕೊಟ್ಟರು. ನಮ್ಮ ಯಜಮಾನರು ಇಂಜಿನಿಯರು. ನೋವಿರುವ ಜಾಗಕ್ಕೇ ಸರಿಯಾಗಿ ಅಂಟಿಸಿದರು. ನೋವು ಇಮ್ಮಡಿಯಾಯಿತು. ಅದು ಇರಬೇಕಾದದ್ದು ನೋವಿನ ಜಾಗಕ್ಕಿಂತ ತುಸು ಹಿಂದೆ. ಅಲ್ಲಿದ್ದರೇ ಮೂಳೆಗಳು ಅಗಲವಾಗಿ ನರಕ್ಕೆ ಜಾಗ ಸಿಗುವುದು. ಇದರಿಂದ ಬಗ್ಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್, ಕೊನೆಗೆ ಆಪರೇಷನ್. ನರವನ್ನೇ ತೆಗೆದರೆ ಆ ಎರಡು ಬೆರಳ ಸಂದಿ ಮರಗಟ್ಟಿ ಉಳಿಯುತ್ತದೆ. ನನಗೆ ಪ್ಯಾಡೂ ಅಗಲ ಚಪ್ಪಲಿಯೂ ಸಾಕಾದವು.

ಆ ಅಗಲ ಚಪ್ಪಲಿ ಸಿಗುವುದೇ ಕಷ್ಟ. ನಮ್ಮ ಅಂಗಡಿಗಳಲ್ಲಿ ನಂಬರ್ ಇರುವುದು ಉದ್ದಕ್ಕೆ; ಅಗಲ ಕೇಳಿದರೆ, "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಅನ್ನುತ್ತಾರೆ. ಲೂಸ್ ಆಗುವುದರೊಳಗೆ ನರ ಕೈಕೊಟ್ಟಿರುತ್ತದೆ.

ಆದ್ದರಿಂದ ಕೊಳ್ಳಲು ಸಂಜೆ ಹೋಗಿ, ಆಗ ಪಾದ ತುಸು ಉಬ್ಬಿರುತ್ತದೆ. ಮನೆಯಲ್ಲೇ ಹಾಳೆಯ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಆ ಹಾಳೆ ಜೊತೆಗೊಯ್ಯಿರಿ. ಮೇಲಿಟ್ಟ ಚಪ್ಪಲಿಯ ಆಚೆ ಗೆರೆ ಇಣುಕಿದರೆ, ಬಣ್ಣ ಎಷ್ಟೇ ಚೆಂದವಿರಲಿ, ಬಿಲ್ ಆಗುವ ಮೊದಲೇ ಎದ್ದು ಬನ್ನಿ.